ಆಯ್ತಮ್ಮನ ಆಯ್ತು

“ವಿಮಾನದ ಹಿಂದಿನ ಪೈಪಿಂದ ಎಣ್ಣೆ ಹೊರಗೆ ಬರೋವರೆಗೂ ಟ್ಯಾಂಕ್ ತುಂಬ್ಸು, ಆಯ್ತಾ?” ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಅತ್ತೆ ಹೇಳಿದಳು.

“ಆಯ್ತು.”

ಮನೆಯಲ್ಲಿ ಈ ಹುಡುಗಿಯನ್ನು ಎಲ್ಲರೂ ಕರೆಯುವುದೇ ‘ಆಯ್ತಮ್ಮ’ ಎಂದು. ಹಲ್ಲುಜ್ಜು ಅಂದರೂ ಆಯ್ತು, ಬ್ಯಾಗ್ ಜೋಡಿಸು ಅಂದರೂ ಆಯ್ತು. ಮಾಡಿದ್ದಾಳೋ, ಇನ್ನು ಮಾಡುತ್ತಾಳೋ, ದೇವರೇ ಬಲ್ಲ.

ಅತ್ತೆ ಬಸ್ ರಿಪೇರಿ ಮಾಡುವ ಮೆಕ್ಯಾನಿಕ್. ರಜೆ ಸಿಕ್ಕಾಗಲೆಲ್ಲ ಕೂತು ಕಟ್ಟಿದ ಅವಳ ಪುಟ್ಟ ರಿಮೋಟ್ ಜೆಟ್ ವಿಮಾನ ಇವತ್ತು ಈ ಮೈದಾನದಲ್ಲಿ ಮೊದಲ ಸಲ ಹಾರಬೇಕು. ಎಂಜಿನ್ ಮಾತ್ರ ಆಟದ್ದಲ್ಲ, ಸೀಮೆಎಣ್ಣೆ ಕುಡಿಯುತ್ತದೆ. ಈಗಷ್ಟೇ ಅದನ್ನು ನೆಲದ ಮೇಲೇ ಓಡಿಸಿ ನಿಲ್ಲಿಸಿದ್ದರು. ಎಷ್ಟು ಎಣ್ಣೆ ಖರ್ಚಾಯಿತು ಎಂದು ಮೀಟರ್ ತನ್ನ ಅಂದಾಜು ಹೇಳಿತ್ತು. ಟ್ಯಾಂಕ್ ಮತ್ತೆ ಭರ್ತಿಯಾಗಲು ಎಷ್ಟು ಹಿಡಿಯುತ್ತದೋ ಅದೇ ನಿಜವಾದ ಲೆಕ್ಕ. ಅದನ್ನು ಲ್ಯಾಪ್‌ಟಾಪಿಗೆ ಕೊಟ್ಟು ಮೀಟರನ್ನು ತಿದ್ದಬೇಕು.

ಅಳತೆಗೆರೆಯ ಜಗ್ಗಿನಿಂದ ಎಣ್ಣೆ ಎಳೆಯುವ ಕೈಪಂಪು ತಿರುಗಿಸೀ ತಿರುಗಿಸೀ ಆಯ್ತಮ್ಮನಿಗೆ ಸಾಕಾಗಿ ಹೋಯಿತು. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೈದಾನದ ಆಚೆ ಯಾರದ್ದೋ ವಿಮಾನ ಸುಂಯ್ ಎಂದು ಏರಿತು. ಪಂಪು ಬಿಟ್ಟು ನೋಡಲು ಓಡಿದಳು.

“ಆಯ್ತಾ?” ಅತ್ತೆ ಕೂಗಿದಳು.

“ಆಯ್ತು!”

ಅತ್ತೆ ಜಗ್ಗಿನ ಗೆರೆ ನೋಡಿ ಲೆಕ್ಕ ಒತ್ತಿದಳು. “ಪರವಾಗಿಲ್ವೇ, ಮೀಟರ್ ಹೇಳಿದ್ದಕ್ಕಿಂತ ಕಮ್ಮಿನೇ ಕುಡ್ದಿದೆ. ಇನ್ನೊಂದು ರೌಂಡ್ ಜಾಸ್ತಿ ಹಾರಿಸ್ಬಹುದು.”

ಆಯ್ತಮ್ಮ ಪೈಪಿನ ಕಡೆ ನೋಡಿದಳು. ಅದರ ಬಾಯಿ ಒಣಗಿತ್ತು, ಟ್ಯಾಂಕ್ ಭರ್ತಿಯಾಗಿರಲಿಲ್ಲ. ಇನ್ನೊಂದು ರೌಂಡ್. ಮೀಟರ್ ಎಣ್ಣೆ ಇದೆ ಇದೆ ಅನ್ನುತ್ತಿರುತ್ತದೆ, ಟ್ಯಾಂಕ್ ಖಾಲಿಯಾಗಿರುತ್ತದೆ. ಆಮೇಲೆ ವಿಮಾನ ಬೀಳುತ್ತದೆ.

“ಮೇಡಂ, ಸರದಿ ನಿಮ್ದೇ,” ಮೈದಾನ ನೋಡಿಕೊಳ್ಳುವವರು ಬಂದರು. “ಬೇಗ ಬನ್ನಿ, ಇವತ್ತು ತಪ್ಪಿದ್ರೆ ಮುಂದಿನ ವಾರಾನೇ.”

ಮುಂದಿನ ವಾರ! ಆಯ್ತಮ್ಮನಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಅತ್ತೆ ಎರಡೂ ಕೈಯಲ್ಲಿ ವಿಮಾನವನ್ನು ಎತ್ತಿಕೊಂಡಳು, ಮಲಗಿದ ಮಗುವನ್ನು ಎತ್ತುವ ಹಾಗೆ.

“ಅತ್ತೆ, ಅದು ಆಯ್ತು ಅಲ್ಲ.”

“ಏನು ಅಲ್ಲ?”

“ನಾನು ಆಯ್ತು ಅಂದ್ನಲ್ಲ, ಅದು ಆಗಿರ್ಲಿಲ್ಲ. ಪೈಪಿಂದ ಎಣ್ಣೆ ಬಂದೇ ಇಲ್ಲ.”

ಅತ್ತೆಯ ಮುಖ ಕೆಂಪಾಯಿತು. “ಪುಡಿಪುಡಿ ಆಗ್ತಿತ್ತು ಕಣೇ ಇದು.” ವಿಮಾನವನ್ನು ಮೇಜಿನ ಮೇಲಿಟ್ಟು, ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಆಯ್ತಮ್ಮನಿಗೆ ಅಳು ಬಂತು. ಮೂಗು ಒರೆಸಿಕೊಂಡು ಪಂಪು ಹಿಡಿದಳು.

“ಆಯ್ತಾ?”

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು. ಬಗ್ಗಿ ಪೈಪು ನೋಡಿದಳು.

“ಇಲ್ಲ ಅತ್ತೆ.”

ಇನ್ನಷ್ಟು ತಿರುಗಿಸಿದಳು. ಆಚೆ ಇನ್ನೊಂದು ವಿಮಾನ ಏರಿತು. ಅವಳು ತಿರುಗಿ ನೋಡಲಿಲ್ಲ.

“ಈಗ?”

“ಇನ್ನೂ ಇಲ್ಲ.”

ಪೈಪಿನ ಬಾಯಲ್ಲಿ ಒಂದು ಹನಿ ಮೂಡಿ, ದಪ್ಪಗಾಗಿ, ಅವಳ ಬೆರಳ ಮೇಲೆ ಬಿತ್ತು.

“ಈಗ ಆಯ್ತು,” ಎಂದಳು ಮೆಲ್ಲಗೆ.

ಅತ್ತೆ ಪೈಪನ್ನು ಬಗ್ಗಿ ನೋಡಲಿಲ್ಲ. “ಜಗ್ಗಲ್ಲಿ ಗೆರೆ ಎಲ್ಲಿದೆ, ಹೇಳು,” ಎಂದು ಲ್ಯಾಪ್‌ಟಾಪ್ ತೆರೆದಳು.