ಮದ್ದಿನಮನೆಯ ಮೂರು ಬಾಗಿಲು

ಬಹಳ ಬಹಳ ಹಿಂದೆ, ಮರಗಳೂ ಮಾತಾಡುತ್ತಿದ್ದ ಕಾಲದಲ್ಲಿ, ತುಂಬೆನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಹಿಂದಿನ ದೊರೆ ಬಡಬಗ್ಗರಿಗೆಂದೇ ಒಂದು ಮದ್ದಿನಮನೆ ಕಟ್ಟಿಸಿದ್ದ. ಎಂಥ ಜ್ವರವನ್ನಾದರೂ ಇಳಿಸುವ ಬೆಳ್ಳಿಬೇರು ಅಲ್ಲಿತ್ತು. ಕೈಗುಣವುಳ್ಳ ವೈದ್ಯರಿದ್ದರು. ಏನಿದ್ದು ಏನು ಬಂತು? ದೊರೆ ಕಣ್ಣು ಮುಚ್ಚಿದ್ದೇ ತಡ, ಧೂಮಕೇತ ಎಂಬ ಮಾಂತ್ರಿಕ ಬಂದು ಅದರ ಯಜಮಾನನಾಗಿ ಕೂತ. ಬಾಗಿಲುಗಳಿಗೆ ಮಾಯಾಪ್ರಾಣಿಗಳನ್ನು ಕಾವಲಿಟ್ಟ. ಹೊರಗೆ ಜನ ಕಾದು ಕಾದು ಸೊರಗಿದರು. ಒಳಗೆ ವೈದ್ಯರು ರೋಗಿಗಳಿಲ್ಲದೆ ಆಕಳಿಸಿದರು. 'ನಾಡಿನಲ್ಲಿ ಕಾಯಿಲೆಯೇ ಇಲ್ಲ' ಎಂದು ಎಳೆಯ ರಾಣಿ ಪದ್ಮಲೆಗೆ ಹೇಳಿಯೂ ಕಳಿಸಿದರು. ರಾಣಿ ಹಿಗ್ಗಿ ಹೀರೇಕಾಯಿಯಾಗಿ ಅರಮನೆಯಲ್ಲೆಲ್ಲ ಸಿಹಿ ಹಂಚಿದಳಂತೆ!

ಆ ನಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಬುಟ್ಟಿ ಹೆಣೆಯುವ ಕೆಂಚವ್ವ ಇದ್ದಳು. ತಂದೆತಾಯಿ ಇಲ್ಲದ ಅವಳಿಗೆ ತನ್ನವಳು ಎಂದು ಇದ್ದವಳು ಪುಟ್ಟ ತಂಗಿ ನಿಂಗಿ ಒಬ್ಬಳೇ. ನಿಂಗಿಗೆ ಜ್ವರ ಏರಿ ಮೈ ಕೆಂಡವಾಯಿತು. ಊರಿನ ಸೂಲಗಿತ್ತಿ ಹಣೆ ಮುಟ್ಟಿ ನೋಡಿ, "ಹೊತ್ತು ಮುಳುಗೋದ್ರೊಳಗೆ ಬೆಳ್ಳಿಬೇರು ಬಾಯಿಗೆ ಬೀಳ್ಬೇಕು ಕಣವ್ವ. ಇಲ್ಲಾಂದ್ರೆ ಮಗು ನಮ್ಮ ಕೈಗೆ ಸಿಗಲ್ಲ" ಅಂದಳು. ಕೆಂಚವ್ವ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಯಾಳಿ ನಿಂತಿತ್ತು. ಆನೆಯ ಸೊಂಡಿಲು, ಸಿಂಹದ ಮೈ. ಅದರ ಮುಂದೆ ಜನ ಕಿಕ್ಕಿರಿದು ಕೂತಿದ್ದರು.

"ಚಪ್ಪಲಿ ಬಿಟ್ಟು ಒಳಗೆ ಬಾ" ಎಂದಿತು ಯಾಳಿ.

"ನನಗೆ ಚಪ್ಪಲೀನೇ ಇಲ್ವಲ್ಲ, ಸ್ವಾಮಿ."

"ಇಲ್ಲದ ಚಪ್ಪಲೀನ ಬಿಡೋದು ಹೇಗೆ? ಬಿಡದೆ ಒಳಗೆ ಬರೋದು ಹೇಗೆ? ಕಟ್ಟಳೆ ಅಂದ್ರೆ ಕಟ್ಟಳೆ. ಆಚೆ ಹೋಗು!"

ಹಿಂದಿನ ದೊರೆ ಪಾಪ ಒಳ್ಳೆಯ ಮನಸ್ಸಿನಿಂದಲೇ ಆ ಕಟ್ಟಳೆ ಮಾಡಿದ್ದ. ಸಿರಿವಂತನೂ ಬಡವನೂ ಒಂದೇ ಸಮ ಬರಿಗಾಲಲ್ಲಿ ಒಳಗೆ ಬರಲಿ ಎಂಬುದು ಅವನ ಆಸೆ. ಅದೀಗ ಬರಿಗಾಲಿನವರಿಗೇ ಬಾಗಿಲು ಮುಚ್ಚಿತ್ತು. ಕೆಂಚವ್ವನಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದ ಈಚಲ ಮರದಿಂದ ಗರಿ ಕಿತ್ತು ಸರಸರನೆ ಒಂದು ಜೊತೆ ಚಪ್ಪಲಿ ಹೆಣೆದಳು, ಮೆಟ್ಟಿದಳು, ಅಲ್ಲೇ ಬಿಟ್ಟಳು. ಹೆಣೆಯುವುದು ಹೇಗೆಂದು ಕೂತಿದ್ದವರಿಗೂ ತೋರಿಸಿದಳು. ಯಾಳಿ ಗರಿಚಪ್ಪಲಿಗಳನ್ನು ಮೂಸಿ ನೋಡಿ, ತಲೆ ಕೆರೆದುಕೊಂಡು ದಾರಿ ಬಿಟ್ಟಿತು.

ಎರಡನೇ ಬಾಗಿಲಲ್ಲಿ ಎರಡು ತಲೆಯ ಗಂಡಭೇರುಂಡ.

"ಜ್ವರವೇ? ಬಲಗಡೆ ಕೇಳು" ಎಂದಿತು ಎಡದ ತಲೆ.

"ಚಿಕ್ಕ ಮಗುವೇ? ಎಡಗಡೆ ಕೇಳು" ಎಂದಿತು ಬಲದ ತಲೆ.

ಎಡಕ್ಕೆ ಓಡಿದಳು, ಬಲಕ್ಕೆ ಓಡಿದಳು, ಮತ್ತೆ ಎಡಕ್ಕೆ ಓಡಿದಳು. ಬೆನ್ನ ಮೇಲೆ ನಿಂಗಿ ನರಳುವುದನ್ನೂ ನಿಲ್ಲಿಸಿದ್ದಳು. ಬಿಸಿಲು ಹಳದಿಗೆ ತಿರುಗಿತ್ತು. ಕೆಂಚವ್ವನಿಗೆ ಅಳು ಉಕ್ಕಿ ಬಂತು. ಅವಳ ಹಿಂದೆಯೇ ಗರಿಚಪ್ಪಲಿ ಬಿಟ್ಟು ಒಳಗೆ ಬಂದಿದ್ದ ತಮ್ಮಜ್ಜ ಎಂಬ ಮುದುಕ, ಎಲೆಯಡಿಕೆ ಜಗಿಯುತ್ತಾ, "ನಾನು ಕೆಮ್ಮಿಗೆ ಮದ್ದು ಕೇಳೋಕೆ ಬಂದಾಗ ಈ ಗಡ್ಡ ಕಪ್ಪಗಿತ್ತು ಕಣವ್ವ" ಅಂದ.

ಕೆಂಚವ್ವ ಕಣ್ಣೊರೆಸಿಕೊಂಡಳು. "ಅಜ್ಜಾ, ನೀನು ಆ ಕಡೆ ನಿಂತ್ಕೋ, ನಾನು ಈ ಕಡೆ ನಿಲ್ತೀನಿ. ಇಬ್ರೂ ಒಟ್ಟಿಗೇ ಕೇಳೋಣ."

ಇಬ್ಬರೂ ಒಟ್ಟಿಗೆ ಕೇಳಿದರು. "ಅತ್ತ ಕೇಳು" ಎನ್ನಲು ಎರಡು ತಲೆಗಳೂ ಒಟ್ಟಿಗೇ ತಿರುಗಿದವು. ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಂದರ ಮುಖ ಇನ್ನೊಂದು ನೋಡಿತು.

"ಓಹೋ, ಬಂದವರನ್ನೆಲ್ಲ ನನ್ನ ತಲೆಗೆ ಕಟ್ತಿದ್ದವನು ನೀನೇನಾ?"

"ನೀನೇನು ಕಮ್ಮೀನಾ?"

ಕೊಕ್ಕಿಗೆ ಕೊಕ್ಕು ಕಚ್ಚಿ ಜಗಳ ಶುರುವಾಯಿತು. ಗರಿಗಳು ಹಾರಾಡಿದವು. ಬಾಗಿಲಿನ ನೆನಪು ಯಾರಿಗಿದೆ? ಜನ ಒಳಗೆ ನುಗ್ಗಿದರು.

ಮೂರನೇ ಬಾಗಿಲ ಹೊಸ್ತಿಲ ಮೇಲೆ ಧೂಮಕೇತನೇ ಕೂತಿದ್ದ. ಕೆಂಚವ್ವನ ಕಡೆ ನೋಡಲೂ ಇಲ್ಲ. "ಇವತ್ತು ಹೊತ್ತಾಯ್ತು. ನಾಳೆ ಬಾ" ಅಂದ. ಅಂದ ಕೂಡಲೇ ಅವನ ತಲೆಯ ಒಂದು ಬಿಳಿಗೂದಲು ಕಪ್ಪಾಯಿತು. ಕೆಂಚವ್ವ ದಿಗಿಲಿನಿಂದ ಅವನ ಕಾಲು ನೋಡಿದಳು. ಹಿಮ್ಮಡಿ ಮುಂದೆ, ಬೆರಳು ಹಿಂದೆ!

ಇವನು ಮನುಷ್ಯನಲ್ಲ, ಭೂತ! ಬಡವರು ಕಾದ ಹೊತ್ತೆಲ್ಲ ಇವನ ಆಯುಷ್ಯಕ್ಕೆ ಸೇರುತ್ತಿದೆ. ಭೂತ ಬಾರದಿರಲೆಂದು ತುಂಬೆನಾಡಿನ ಮನೆಮನೆಯ ಬಾಗಿಲ ಮೇಲೂ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಕೆಂಚವ್ವನಿಗೆ ಬರೆಯಲು ಬರುತ್ತಿದ್ದುದೂ ಅಷ್ಟೇ. ಭೂತಕ್ಕೆ ಹೇಳುವ ಮಾತನ್ನು ಈ ಭೂತ ಮನುಷ್ಯರಿಗೇ ಹೇಳುತ್ತಾ ಕೂತಿದೆಯಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

"ಏನದು ಗಲಾಟೆ?" ಎಂದು ಧೂಮಕೇತ ಗಂಡಭೇರುಂಡವನ್ನು ಗದರಿಸಲು ಎದ್ದು ಹೋದ. ಅಷ್ಟು ಸಾಕಾಯಿತು. ಕೆಂಚವ್ವ ತಮ್ಮಜ್ಜನ ಸುಣ್ಣದ ಡಬ್ಬಿಗೆ ಬೆರಳದ್ದಿ ಬಾಗಿಲ ಮೇಲೆ ದಪ್ಪಗೆ ಬರೆದಳು.

ಧೂಮಕೇತ ತಿರುಗಿ ಬಂದ, ಓದಿದ, ಕಂಗಾಲಾದ. ಹಲ್ಲು ಕಡಿದರೂ ಕಾಲು ಮುಂದೆ ಬರಲಿಲ್ಲ. ಆ ಮಾತು ಮೀರುವ ಶಕ್ತಿ ಯಾವ ಭೂತಕ್ಕೂ ಇಲ್ಲ. ಮರುದಿನ ಬಂದ, ಓದಿ ಹಿಂದಿರುಗಿದ. ಅದರ ಮರುದಿನವೂ ಬಂದ, ಓದಿ ಹಿಂದಿರುಗಿದ. ಕಾಯುವುದು ಈಗ ಅವನ ಪಾಲಿಗೆ ಬಂದಿತ್ತು. ಕಾದು ಕಾದು ಒಣಗಿ, ಕೊನೆಗೆ ಹೊಗೆಯಾಗಿ ಕರಗಿಹೋದ.

ಅವತ್ತು ಒಳಗೆ ಬಂದ ಕೆಂಚವ್ವನನ್ನು ಕಂಡು ವೈದ್ಯರು ದಡಬಡಿಸಿ ಎದ್ದರು. "ಅಯ್ಯೋ, ಇಷ್ಟು ಜನ ಹೊರಗಿದ್ರಾ?" ಎಂದು ಒಬ್ಬ ಹಣೆ ಚಚ್ಚಿಕೊಂಡ. ಇನ್ನೊಬ್ಬ ಬೆಳ್ಳಿಬೇರು ತೇದು ನಿಂಗಿಯ ನಾಲಿಗೆಗೆ ಸವರಿದ. ಹೊತ್ತು ಮುಳುಗುವ ಮುಂಚೆ ಅವಳು ಕಣ್ಣು ಬಿಟ್ಟು, "ಅಕ್ಕಾ, ಹಸಿವು" ಅಂದಳು. ಅಲ್ಲಿಯವರೆಗೆ ಅಳು ತಡೆದುಕೊಂಡಿದ್ದ ಕೆಂಚವ್ವ ಗೊಳೋ ಎಂದು ಅತ್ತುಬಿಟ್ಟಳು.

ಸುದ್ದಿ ಕೇಳಿ ರಾಣಿ ಪದ್ಮಲೆ ಓಡೋಡಿ ಬಂದಳು. ಜನರ ನಡುವೆ ತಲೆ ತಗ್ಗಿಸಿ ನಿಂತು, "ನನ್ನ ಕಣ್ಣಿಗೆ ನೀವು ಬೀಳಲೇ ಇಲ್ಲವಲ್ಲ. ಏನು ಬೇಕು, ಕೇಳು ತಾಯಿ" ಎಂದಳು.

"ಒಂದು ಭೂತ ಹೋದ್ರೆ ಸಾಲ್ದು, ದೊರೆಸಾನಿ" ಎಂದಳು ಕೆಂಚವ್ವ. "ಈ ಕಟ್ಟಳೆಗಳು ಹೀಗೇ ಇದ್ರೆ, ಖಾಲಿ ಜಾಗ ನೋಡ್ಕೊಂಡು ಇನ್ನೊಂದು ಬಂದು ಕೂರುತ್ತೆ."

ರಾಣಿ ಅಂದೇ ಬಾಗಿಲುಗಳನ್ನು ಕೀಳಿಸಿದಳು. ವೈದ್ಯರ ಮಣೆಗಳು ಹೊರಗಿನ ಜಗಲಿಗೆ ಬಂದವು. ಯಾಳಿ ನಡೆಯಲಾರದವರನ್ನು ಹೊತ್ತು ತರತೊಡಗಿತು. ಗಂಡಭೇರುಂಡದ ಒಂದು ತಲೆ ಕಷ್ಟ ಕೇಳಿದರೆ ಇನ್ನೊಂದು ವೈದ್ಯರನ್ನು ಕೂಗಬೇಕಾಯಿತು. ಆಮೇಲೆ ಮದ್ದಿನಮನೆಗೂ ಕಣಜಕ್ಕೂ ನ್ಯಾಯದ ಚಾವಡಿಗೂ ಸೇರಿಸಿ ಒಂದೇ ಒಂದು ಹೊಸ ಕಟ್ಟಳೆ ಡಂಗುರವಾಯಿತು: ಇವತ್ತು ಆಗದ ಕೆಲಸಕ್ಕೆ ಬಡವರು ಮತ್ತೆ ಬರಬೇಕಾಗಿಲ್ಲ. ಅಧಿಕಾರಿಯೇ ಅವರ ಮನೆಗೆ ನಡೆದು ಹೋಗಿ ಮುಗಿಸಿಕೊಡಬೇಕು.

ಮೊದಲು ಸಿಕ್ಕಿಬಿದ್ದವನು ಕಣಜದ ಅಧಿಕಾರಿ. ವಿಧವೆಯೊಬ್ಬಳಿಗೆ ರಾಗಿ ಅಳೆಯಲು ಸೋಮಾರಿತನ ಮಾಡಿ, ಮೂಟೆ ಹೊತ್ತು ಸುಡುಬಿಸಿಲಲ್ಲಿ ಏದುಸಿರು ಬಿಡುತ್ತಾ ಅವಳ ಗುಡಿಸಲು ಹುಡುಕಿಕೊಂಡು ಹೋದ. ಅವಳು ಅವನನ್ನು ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟಳು. ಕುಡಿದವನು ಅವಳ ಒಲೆ ನೋಡಿದ, ಖಾಲಿ ಮಡಕೆ ನೋಡಿದ, ಮೂಟೆಯ ರಾಗಿ ಅದಕ್ಕೆ ಸುರಿದು ಎದ್ದು ಬಂದ. ಅವತ್ತಿನಿಂದ ತುಂಬೆನಾಡಿನಲ್ಲಿ ಅಂದಿನ ಕೆಲಸ ಅಂದೇ ಮುಗಿಯಿತು. ಅಲ್ಲಿಯ ಜನ ಉಂಡು ಉಟ್ಟು, ನಕ್ಕು ನಲಿದು ಬಾಳಿದರು. ಕೇಳಿದ ನಿಮ್ಮ ಮನೆಯಲ್ಲೂ ಹಾಗೇ ಆಗಲಿ.