ಇಟ್ಟಿಗೆ ಕಟ್ಟಿದ ಬಾಗಿಲು

ಕುಷ್ಟಗಿ ದಾಟಿದ ಮೇಲೆ ದಾಳಿಂಬೆ ತೋಟಗಳ ನಡುವಿನ ಒಂದು ವಿದ್ಯುತ್ ಉಪಕೇಂದ್ರದಲ್ಲಿ ನಾನು ಕಂಪ್ಯೂಟರ್ ಆಪರೇಟರ್. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಹೆದರಿ ಕುರ್ಚಿ ಬಿಟ್ಟು ಎದ್ದವಳಲ್ಲ.

ಯಾವ ಲೈನ್ ಟ್ರಿಪ್ ಆಯಿತು, ಯಾವ ಬಾಗಿಲು ತೆರೆಯಿತು ಎಂಬುದನ್ನೆಲ್ಲ ಅಲ್ಲಿ ಯಂತ್ರವೇ ದಾಖಲಿಸಿಕೊಳ್ಳುತ್ತದೆ. ಆ ದಾಖಲೆಯ ಸಿಎಸ್‌ವಿ ಫೈಲನ್ನು ಹೊಸ ಸಾಫ್ಟ್‌ವೇರಿಗಾಗಿ ಜೇಸನ್ ಎಂಬ ಇನ್ನೊಂದು ಫೈಲ್ ರೂಪಕ್ಕೆ ಬದಲಿಸುವ ಕೆಲಸ ನನಗೆ ಬಂತು. ಅದರಲ್ಲಿ ದಿನಾ ಮಧ್ಯಾಹ್ನ ಒಂದು ಸಾಲು: ‘ಹಿಂದಿನ ಬಾಗಿಲು ತೆರೆಯಿತು.’ ಮುಚ್ಚಿದ ದಾಖಲೆ ಮಾತ್ರ ಒಂದೂ ಇಲ್ಲ. ನಾನು ಕೆಲಸಕ್ಕೆ ಸೇರುವ ಮೊದಲೇ, ನನ್ನ ಕುರ್ಚಿಯ ಹಿಂದಿದ್ದ ಆ ಬಾಗಿಲಿಗೆ ಇಟ್ಟಿಗೆ ಕಟ್ಟಿ ಗೋಡೆ ಮಾಡಿದ್ದರು. ಬಾಗಿಲು ತೆರೆದದ್ದನ್ನು ಯಂತ್ರಕ್ಕೆ ತಿಳಿಸುತ್ತಿದ್ದ ಅದರ ಸೆನ್ಸರ್ ವೈರಿಲ್ಲದೆ ನನ್ನ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು.

“ಆ ಸಾಲು ತಗದು ಕಳಸ್ರಿ ಅಮೃತಾ. ಮ್ಯಾಲಿನವ್ರು ಕೇಳಿದ್ರ ಏನ್ ಹೇಳೂದು?” ಎಂದರು ಎಂಜಿನಿಯರ್ ಸಾಹೇಬರು.

ಆ ಸಾಲುಗಳನ್ನು ಅಳಿಸಿ ಫೈಲು ಬದಲಿಸಿದೆ. ಜೇಸನ್ ಫೈಲು ತೆರೆದರೆ ಅವೆಲ್ಲ ಅಲ್ಲೇ ಇದ್ದವು. ಮತ್ತೆ ಅಳಿಸಿದೆ, ಮತ್ತೆ ಬಂದವು. ಹೊರಗೆ ಉರಿಬಿಸಿಲು, ನನ್ನ ಬೆನ್ನಿಗೆ ಮಾತ್ರ ತಣ್ಣನೆ ಗಾಳಿ, ಹಸಿ ಸಿಮೆಂಟಿನ ವಾಸನೆ. ಡ್ರಾಯರಿನೊಳಗೆ ಸೆನ್ಸರ್ ಟಿಕ್ ಎಂದಿತು.

ಪಕ್ಕದಲ್ಲೇ ನಿಂತು ನೋಡುತ್ತಿದ್ದ ಸಾಹೇಬರು ಹೊರಗೆ ಜೀಪಿನತ್ತ ಓಡಿದರು. ನನಗೆ ಸಿಟ್ಟು ಬಂತು. ಗೋಡೆಯತ್ತ ತಿರುಗದೆ ಹೇಳಿದೆ: “ಬರೂದಿದ್ರ ಬಾ, ನಾ ಏಳಂಗಿಲ್ಲ. ದಿನಾ ಬಾಗಲಾ ತಗೀತಿ, ಹಾಕಂಗಿಲ್ಲ. ಒಳಗ ಬಂದ ಮ್ಯಾಲ ಬಾಗಲಾ ಹಾಕು.”

ಒಂದು ಸಾಲೂ ಅಳಿಸದೆ ಫೈಲು ಕಳಿಸಿದೆ.

ಮರುದಿನ ಹೊಸ ದಾಖಲೆ ತೆಗೆದು ನೋಡಿದೆ. ‘ಹಿಂದಿನ ಬಾಗಿಲು ತೆರೆಯಿತು.’ ಅದರ ಕೆಳಗೆ, ಮೊದಲ ಸಲ, ‘ಹಿಂದಿನ ಬಾಗಿಲು ಮುಚ್ಚಿತು.’

ಅಂದಿನಿಂದ ಇವತ್ತಿನವರೆಗೆ ಆ ಬಾಗಿಲು ಮತ್ತೆ ತೆರೆದಿಲ್ಲ. ನಾನೂ ಕುರ್ಚಿ ಬದಲಿಸಿಲ್ಲ.