ಮಾತು ಕೊಟ್ಟವರು ಹೊಣೆಯಲ್ಲ

ಪೆಟ್ಟಿಗೆ ಕೆಮ್ಮಿತು. ಈರಣ್ಣನ ಕೊರಳಿಗೆ ಕಟ್ಟಿದ್ದ, ಬೆಂಕಿಪೊಟ್ಟಣದಷ್ಟು ಗಾತ್ರದ ಆ 'ಮರುದನಿ' ಯಂತ್ರ ಮಾತಿಗೆ ಮೊದಲು ಕೆಮ್ಮುವುದನ್ನೂ ಮನುಷ್ಯರಿಂದಲೇ ಕಲಿತಿತ್ತು.

ಗದಗದಲ್ಲಿ ಇಪ್ಪತ್ತು ವರ್ಷ ಮೆಣಸಿನಕಾಯಿ ಹರಾಜು ಕೂಗಿದ ಈರಣ್ಣನ ದನಿ ಶಸ್ತ್ರಚಿಕಿತ್ಸೆಯಲ್ಲಿ ಹೋಗಿತ್ತು. ದನಿಯಿದ್ದಾಗ ಅವನು ನಾಗವೇಣಿ ಟೀಚರಿಗೆ ಮೂರು ಸಲ ಮದುವೆಯ ಮಾತು ಕೊಟ್ಟು, ಮೂರು ಸಲವೂ ತಪ್ಪಿದ್ದ. ಈಗ ಅವಳಿಗೆ ಬೇರೆ ಸಂಬಂಧ ಬಂದಿತ್ತು. "ಚೀಟಿ ಗೀಟಿ ಬ್ಯಾಡ. ಇವತ್ತು ನನ್ನ ಮುಂದ ಮಾತಾಡಿ ಹೇಳ್ಲಿ. ಇಲ್ಲಾಂದ್ರ ಸಂಜೀಕ ಅವ್ರಿಗೆ ಹೂಂ ಅಂತೀನಿ" ಎಂದು ಅವಳು ಮರುದನಿಯ ಪ್ರಯೋಗಾಲಯಕ್ಕೇ ಬಂದು ಕೈಕಟ್ಟಿ ಕೂತಿದ್ದಳು.

ಗಂಟಲಿನ ನರಗಳ ಮಿಡಿತವನ್ನು ಮಾತಾಗಿಸುವ ಮರುದನಿ ತಂತ್ರಾಂಶ ಯಾರೊಬ್ಬರ ಸೊತ್ತೂ ಅಲ್ಲ. ಲಾಭದ ಹಂಗಿಲ್ಲದ ಒಂದು ಸಂಘಕ್ಕೆ ಸಾವಿರಾರು ಸ್ವಯಂಸೇವಕರು ತಮ್ಮ ದನಿಯನ್ನು ದಾನ ಮಾಡಿದ್ದರು. ಸಂಘದಲ್ಲಿ ಅವರ ಹೆಸರೇ 'ಮಾತು ಕೊಟ್ಟವರು'. ಮಾತು ಕೊಟ್ಟ ತಪ್ಪಿಗೆ ಅವರು ಕೋರ್ಟು ಹತ್ತಬಾರದೆಂದು ವಕೀಲರು ಪ್ರತಿಯೊಬ್ಬರಿಂದಲೂ ಹೊಣೆ ನಿರಾಕರಣೆಯ ಕರಾರನ್ನೂ ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸಿಕೊಂಡಿದ್ದರು.

"ಹೇಳಿ ಈರಣ್ಣ" ಎಂದರು ವಿಜ್ಞಾನಿ ಮೃಣಾಲಿನಿ.

ಈರಣ್ಣ ತುಟಿಯಾಡಿಸಿದ. "ನಾಗವೇಣಿ, ನಾ ನಿನ್ನ ಮದುವಿ ಆಗ್ತೀನಿ" ಎಂದಿತು ಪೆಟ್ಟಿಗೆ. ಅವನ ಕಣ್ಣು ತುಂಬಿತು. ತುಟಿ ಮುಚ್ಚಿದ.

ಪೆಟ್ಟಿಗೆ ಮುಚ್ಚಲಿಲ್ಲ. ಇನ್ನೊಮ್ಮೆ ಕೆಮ್ಮಿ, ಕರಿಕೋಟಿನ ಗತ್ತಿನಲ್ಲಿ ಮುಂದುವರಿಸಿತು: "ಸದರಿ ಗಂಡನ್ನು ಇದ್ದದ್ದು ಇದ್ದ ಹಾಗೆ ಒದಗಿಸಲಾಗಿದೆ. ಯಾವುದೇ ನಿರ್ದಿಷ್ಟ ಉದ್ದೇಶಕ್ಕೆ ಈತ ತಕ್ಕವನೆಂಬ ಖಾತರಿಯಿಲ್ಲ. ಬಳಕೆಯಿಂದಾಗುವ ನಷ್ಟಕ್ಕೆ ಬಳಸಿದವರೇ ಹೊಣೆ."

ಈರಣ್ಣ ಎರಡೂ ಕೈಯಿಂದ ಪೆಟ್ಟಿಗೆಯ ಬಾಯಿ ಮುಚ್ಚಿದ.

"ಅಯ್ಯೋ!" ಮೃಣಾಲಿನಿ ಹಣೆ ಚಚ್ಚಿಕೊಂಡರು. "ಒಬ್ಬೊಬ್ಬರು ಕೊಟ್ಟ ಮಾತು ಅರ್ಧ ಪುಟ, ಓದಿದ ಕರಾರು ಹದಿನಾಲ್ಕು ಪುಟ. ಯಂತ್ರ ಇದನ್ನೇ ಕನ್ನಡ ಅಂದುಕೊಂಡಿದೆ! ಒಂದು ತಿಂಗಳು ಕೊಡಿ, ಸರಿಮಾಡುತ್ತೇನೆ."

"ಬ್ಯಾಡ್ರಿ ಮೇಡಂ" ಎಂದಳು ನಾಗವೇಣಿ, ಸೆರಗಿನಿಂದ ನಗು ಒರೆಸುತ್ತ. "ಮೂರು ಸಲ ಬರೇ ಮಾತು ಕೊಟ್ರು, ತಪ್ಪಿದ್ರು. ಈ ಸಲನಽ ಖರೇ ಹೇಳಿದ್ದು. ಕರಾರು ಮೊದಲಽ ಹೇಳಿದವ್ರ ಮ್ಯಾಲೆ ನಂದೇನೂ ತಕರಾರಿಲ್ಲ. ನಡೀರಿ, ಮುಹೂರ್ತ ನೋಡೂಣು."

"ಮುಹೂರ್ತದಲ್ಲಿ ದೋಷವಿದ್ದರೆ..." ಎಂದು ಶುರುಮಾಡಿತು ಪೆಟ್ಟಿಗೆ.

ಮದುವೆಯ ಮರುವಾರ ಪ್ರಯೋಗಾಲಯದ ಬಾಗಿಲಿಗೆ ಹೆಂಗಸರ ಸಾಲು ಹತ್ತಿತು. ಮೃಣಾಲಿನಿ ಮೊದಲನೆಯವಳನ್ನು ಕೇಳಿದರು: "ನಿಮ್ಮ ಮನೆಯವರಿಗೆ ದನಿ ಹೋಗಿದೆಯೇ?"

"ಎಲ್ಲೀದ್ರಿ, ಬಾಯಿ ಭಾಳ ಐತಿ, ಖರೇ ಮಾತಿಲ್ಲ" ಎಂದಳು ಆಕೆ. "ಅದಕ್ಕಽ ಒಂದು ಪೆಟ್ಟಿಗಿ ಕೊಡ್ರಿ."